ಹಳೆಯ ಲ್ಯಾಪ್‌ಟಾಪಿಗೆ ವೇಗ ತುಂಬುವುದು: ಮೊದಲು ತಪಾಸಣೆ, ಆಮೇಲೆ ಲ್ಯಾಮಿಂಗ್ಟನ್ ರೋಡ್

ಆರೇಳು ವರ್ಷದ ಲ್ಯಾಪ್‌ಟಾಪನ್ನು ಮುಂಬೈಯ ಯಾವ ರಿಪೇರಿ ಅಂಗಡಿಯ ಮೇಜಿನ ಮೇಲೆ ಇಟ್ಟರೂ ಸಿಗುವ ಉತ್ತರ ಹೆಚ್ಚುಕಡಿಮೆ ಎರಡೇ: ‘ಫಾರ್ಮ್ಯಾಟ್ ಮಾರ್ನಾ ಪಡೇಗಾ’ (ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು), ಇಲ್ಲವೇ ‘ನಯಾ ಲೇ ಲೋ ಸಾಬ್’ (ಹೊಸದನ್ನೇ ಕೊಳ್ಳಿ). ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎರಡನ್ನೂ ಯಂತ್ರ ನೋಡುವ ಮೊದಲೇ ಹೇಳಿರುತ್ತಾರೆ. ಲ್ಯಾಪ್‌ಟಾಪ್ ನಿಧಾನವಾಗಲು ನಾಲ್ಕೈದು ಬೇರೆ ಬೇರೆ ಕಾರಣಗಳಿವೆ: ತಿರುಗುವ ಹಾರ್ಡ್ ಡಿಸ್ಕ್, ಸಾಕಾಗದ ರ‍್ಯಾಮ್, ಧೂಳು ಕಟ್ಟಿದ ಫ್ಯಾನು, ಬೇಡದ ತಂತ್ರಾಂಶಗಳ ಸಂತೆ, ಕೆಲವೊಮ್ಮೆ ಬರೀ ಕೆಟ್ಟ ಚಾರ್ಜರು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಫ್ಯಾನಿನ ತೊಂದರೆಗೆ ಎಂಟು ಜಿಬಿ ರ‍್ಯಾಮ್ ಹಾಕಿಸಿಕೊಂಡು ಬಂದವರು ಡೊಂಬಿವಲಿಯಲ್ಲೂ ಇದ್ದಾರೆ, ಮುಲುಂಡಿನಲ್ಲೂ ಇದ್ದಾರೆ.

ಹಾಗಾಗಿ ಇಲ್ಲಿನ ಕ್ರಮ ಹೀಗಿದೆ: ಮೊದಲು ನೋಡುವುದು, ಆಮೇಲೆ ಖರ್ಚಿಲ್ಲದ ಕೆಲಸ, ಆಮೇಲೆ ಮಾತ್ರ ಖರ್ಚಿನ ಕೆಲಸ, ಅಂದರೆ ಮುಂಬೈಯ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಲ್ಯಾಮಿಂಗ್ಟನ್ ರೋಡ್. ಪ್ರತಿ ಹಂತದ ಕೊನೆಯಲ್ಲೂ ‘ಇಷ್ಟು ಸಾಕು’ ಎಂದು ನಿಲ್ಲಿಸಬಹುದು. ಇದು ಪತ್ರವ್ಯವಹಾರ, ಬ್ಯಾಂಕಿನ ಕೆಲಸ, ಮಕ್ಕಳ ಪ್ರಾಜೆಕ್ಟ್, ವಿಡಿಯೊ ಕರೆ, ಸಂಘದ ಲೆಕ್ಕಪತ್ರ ಇಂಥ ಬಳಕೆಗೆ. ವಿಡಿಯೊ ಎಡಿಟಿಂಗ್ ಮಾಡುವವರಿಗೆ, ದೊಡ್ಡ ಆಟ ಆಡುವವರಿಗೆ ಈ ಮಾರ್ಗ ಅಲ್ಲ.

ಮೊದಲ ಅರ್ಧ ಗಂಟೆ: ಸುಮ್ಮನೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಚಿಕ್ಕದಾಗಿ ಕಂಡರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ, ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ. ಇನ್ನು ನೀವು ದಿನವೂ ಮಾಡುವ ಕೆಲಸವನ್ನೇ ಮಾಡಿ: ಬ್ರೌಸರಿನಲ್ಲಿ ಐದಾರು ಪುಟ, ಒಂದು ವರ್ಡ್ ಕಡತ, ವಾಟ್ಸ್‌ಆ್ಯಪ್. ಅದು ತಡವರಿಸುವ ಹೊತ್ತಿಗೆ ಇಲ್ಲಿ ಏನು ಕಾಣುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲು ಡಿಸ್ಕ್. ಅದರ ಬಳಿ ಎಚ್‌ಡಿಡಿ ಎಂದಿದೆಯೋ ಎಸ್‌ಎಸ್‌ಡಿ ಎಂದಿದೆಯೋ ನೋಡಿ; ಎಚ್‌ಡಿಡಿ ಎಂದರೆ ತಿರುಗುವ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವಿಲ್ಲದ, ಚಿಪ್ಪುಗಳ ಡಿಸ್ಕ್. ಎಚ್‌ಡಿಡಿ ಇದ್ದು, ‘ಆ್ಯಕ್ಟಿವ್ ಟೈಮ್’ 100 ಶೇಕಡಾಕ್ಕೆ ಅಂಟಿಕೊಂಡಿದ್ದು, ಓದು-ಬರಹದ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಆಸುಪಾಸಿನಲ್ಲಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಬಹುಪಾಲು ಹಳೆಯ ಲ್ಯಾಪ್‌ಟಾಪುಗಳ ಕತೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಮೆಮೊರಿ, ಅಂದರೆ ಚಾಲೂ ಇರುವ ಕೆಲಸಗಳನ್ನು ಹಿಡಿದಿಡುವ ರ‍್ಯಾಮ್. ಬಳಕೆ 85-90 ಶೇಕಡಾ ದಾಟಿ ಅಲ್ಲೇ ಕೂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಅದೇ ಪುಟದ ಕೆಳಭಾಗದಲ್ಲಿ ಎಷ್ಟು ಸ್ಲಾಟ್ (ಪಟ್ಟಿ ಸಿಕ್ಕಿಸುವ ಜಾಗ) ಬಳಕೆಯಲ್ಲಿವೆ ಎಂಬ ಮಾಹಿತಿಯೂ ಇರುತ್ತದೆ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ಬದಲಿಸಬಹುದಾದ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಸಾಮಾನ್ಯವಾಗಿ ಅದು ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅಂಗಡಿಗೆ ಹೋಗುವ ಮೊದಲೇ ಈ ಒಂದು ಸಾಲು ಗೊತ್ತಿದ್ದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಮೂರನೆಯದು ಸಿಪಿಯು, ಅಂದರೆ ಪ್ರೊಸೆಸರು. ಇಲ್ಲಿ ‘ಬೇಸ್ ಸ್ಪೀಡ್’ ಒಂದು, ಈಗಿನ ‘ಸ್ಪೀಡ್’ ಇನ್ನೊಂದು. ಕೆಲಸದ ಒತ್ತಡ ಇದ್ದಾಗಲೂ ಈಗಿನ ವೇಗ 0.8 ಗಿಗಾಹರ್ಟ್ಸ್ ಸುತ್ತಲೇ ತೆವಳುತ್ತಿದ್ದರೆ ಪ್ರೊಸೆಸರು ಮುದಿಯಾಗಿದೆ ಎಂದಲ್ಲ, ಯಾರೋ ಅದರ ಕತ್ತು ಹಿಡಿದಿದ್ದಾರೆ ಎಂದರ್ಥ. ಒಂದೋ ಶಾಖ, ಇಲ್ಲವೇ ಚಾರ್ಜರ್. ಕೆಲವು ಲ್ಯಾಪ್‌ಟಾಪುಗಳು ತಮ್ಮದಲ್ಲದ ಅಥವಾ ಕಡಿಮೆ ವ್ಯಾಟಿನ ಅಡಾಪ್ಟರು ಸಿಕ್ಕಿಸಿದರೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಫುಟ್‌ಪಾತಿನ ಅಡಾಪ್ಟರು ಬಳಸುತ್ತಿದ್ದರೆ ಮೊದಲು ಸರಿಯಾದದ್ದನ್ನು ಎರವಲು ತಂದು ನೋಡಿ.

ಅದೇ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ಎಂಬ ಲೆಕ್ಕವಿದೆ. ನಮ್ಮ ಕಟ್ಟಡದ ನಿವೃತ್ತ ಬ್ಯಾಂಕ್ ನೌಕರರೊಬ್ಬರು, ‘ನಾನು ದಿನಾ ಶಟ್‌ಡೌನ್ ಮಾಡಿಯೇ ಮಲಗುವುದು ಮಾರಾಯ’ ಎಂದು ಆಣೆ ಇಡುತ್ತಿದ್ದರು. ಅಪ್ ಟೈಮ್ ಮಾತ್ರ ವಾರಗಟ್ಟಲೆ ತೋರಿಸುತ್ತಿತ್ತು. ಅವರು ಹೇಳಿದ್ದು ನಿಜವೇ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟ್‌ಅಪ್’ ಸೌಲಭ್ಯ ಶಟ್‌ಡೌನ್ ಹೊತ್ತಿನಲ್ಲಿ ತಿರುಳಿನ ಭಾಗವನ್ನು ಪೂರ್ತಿ ಮುಚ್ಚದೆ ಡಿಸ್ಕಿನಲ್ಲಿ ಉಳಿಸಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೊಸದಾಗಿ ಏಳಬೇಕಾದರೆ ‘ರೀಸ್ಟಾರ್ಟ್’ ಒತ್ತಬೇಕು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

ಇನ್ನೆರಡು ತಪಾಸಣೆ ಬಾಕಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿಯಲ್ಲಿ ‘ಗುಡ್’ ಇದ್ದರೆ ಸರಿ. ಹಳದಿಯಲ್ಲಿ ‘ಕಾಷನ್’ ಇದ್ದರೆ, ಅದರಲ್ಲೂ ‘ರೀಅಲೊಕೇಟೆಡ್ ಸೆಕ್ಟರ್ಸ್’ ಅಥವಾ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲುಗಳಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ, ವೇಗದ ಚಿಂತೆ ಬಿಟ್ಟು ಇವತ್ತೇ ಕಡತಗಳ ನಕಲು ತೆಗೆಯಿರಿ. ಇನ್ನೊಂದು, ಲ್ಯಾಪ್‌ಟಾಪನ್ನು ಸಮತಟ್ಟು ಮೇಜಿನ ಮೇಲಿಟ್ಟು ಬದಿಯಿಂದ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಕವಚ ಬಿರುಕು ಬಿಟ್ಟು ಅಲುಗುತ್ತಿದ್ದರೆ ಬ್ಯಾಟರಿ ಊದಿದೆ. ಅಂಥದ್ದನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಮೊದಲು ಬ್ಯಾಟರಿ ಹೊರಬರಬೇಕು, ಉಳಿದದ್ದೆಲ್ಲ ಆಮೇಲೆ.

ಖರ್ಚಿಲ್ಲದ ಕೆಲಸಗಳು

ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ, ಒಂದು ಸಂಜೆ ಸಾಕು. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್‌ಅಪ್’ ವಿಭಾಗದಲ್ಲಿ ಯಂತ್ರ ಏಳುವಾಗಲೇ ತಾವೂ ಏಳುವ ತಂತ್ರಾಂಶಗಳ ಪಟ್ಟಿಯಿದೆ. ಟೀಮ್ಸ್, ಸ್ಪಾಟಿಫೈ, ಪ್ರಿಂಟರಿನ ಸಹಾಯಕ, ಎಂದೋ ಹಾಕಿದ ಪಿಡಿಎಫ್ ಪರಿವರ್ತಕ, ಎಲ್ಲವನ್ನೂ ‘ಡಿಸೇಬಲ್’ ಮಾಡಿ. ಇದರಿಂದ ತಂತ್ರಾಂಶ ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಆ್ಯಂಟಿವೈರಸ್, ಟಚ್‌ಪ್ಯಾಡ್, ಧ್ವನಿ ಸಂಬಂಧಿಸಿದವನ್ನು ಮುಟ್ಟಬೇಡಿ.

ಆ್ಯಂಟಿವೈರಸ್ ಎಂದಾಗ ನೆನಪಾಯಿತು. ಲ್ಯಾಪ್‌ಟಾಪಿನ ಜೊತೆಗೇ ಬಂದ, ಅವಧಿ ಮುಗಿದು ‘ರಿನ್ಯೂ ಮಾಡಿ’ ಎಂದು ದಿನವೂ ಕಾಡುವ ತಂತ್ರಾಂಶ ನಿಮ್ಮಲ್ಲೂ ಇರಬಹುದು. ಅದನ್ನು ತೆಗೆದುಹಾಕಿ. ಮನೆಬಳಕೆಗೆ ವಿಂಡೋಸಿನದೇ ಡಿಫೆಂಡರ್ ಸಾಕು. ‘ಪಿಸಿ ಕ್ಲೀನರ್’, ‘ಡ್ರೈವರ್ ಅಪ್‌ಡೇಟರ್’, ‘ರೆಜಿಸ್ಟ್ರಿ ಬೂಸ್ಟರ್’ ಎಂಬ ಹೆಸರಿನವೆಲ್ಲ ಬಹುಮಟ್ಟಿಗೆ ಗದ್ದಲ. ವೇಗ ಕೊಡುತ್ತೇವೆಂದು ಬಂದು ತಾವೇ ಒಂದು ಮೂಲೆ ಹಿಡಿದು ಕೂರುತ್ತವೆ.

ಸಿ ಡ್ರೈವಿನಲ್ಲಿ 15-20 ಶೇಕಡಾ ಜಾಗ ಖಾಲಿ ಇರಲಿ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್‌ಗೆ ಹೋದರೆ ಏನು ಎಷ್ಟು ಜಾಗ ತಿಂದಿದೆ ಎಂದು ಕಾಣುತ್ತದೆ. ‘ಟೆಂಪರರಿ ಫೈಲ್ಸ್’ ಅಳಿಸಿ. ಆದರೆ ಅಲ್ಲಿನ ‘ಡೌನ್‌ಲೋಡ್ಸ್’ ಎಂಬ ಸಾಲಿಗೆ ಗುರುತು ಹಾಕುವ ಮೊದಲು ಒಳಗೆ ಏನಿದೆ ನೋಡಿಕೊಳ್ಳಿ. ನಮ್ಮವರ ಆಧಾರ್ ಪ್ರತಿ, ಮನೆ ಬಾಡಿಗೆ ಕರಾರು, ವಿಮೆ ರಸೀದಿ ಎಲ್ಲ ಬಿದ್ದಿರುವುದು ಅಲ್ಲೇ.

ಕ್ರೋಮಿನಲ್ಲಿ ಬೇಡದ ಎಕ್ಸ್‌ಟೆನ್ಶನ್ ತೆಗೆದು, ಸೆಟ್ಟಿಂಗ್ಸಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ‘ಮೆಮೊರಿ ಸೇವರ್’ ಹಾಕಿ. ಪವರ್ ಮೋಡನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ತನ್ನಿ. ಕಿಟಕಿಗಳ ಪಾರದರ್ಶಕತೆ, ಅನಿಮೇಶನ್ ಆಫ್ ಮಾಡಿದರೆ ಸ್ವಲ್ಪ ಹಗುರವೆನಿಸಬಹುದು, ಪವಾಡವೇನೂ ಆಗದು. ಇಷ್ಟು ಮಾಡಿಯೂ ಡಿಸ್ಕ್ 100ರಲ್ಲೇ ನಿಂತಿದ್ದರೆ ತಂತ್ರಾಂಶದ ಕಡೆಯಿಂದ ಇನ್ನೇನೂ ಹಿಂಡಲಾಗುವುದಿಲ್ಲ.

ಕವಚ ಬಿಚ್ಚುವ ಮೊದಲು ನಕಲು

ಹೊರಗಿನ ಹಾರ್ಡ್ ಡಿಸ್ಕಿಗೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರುಗಳನ್ನು ನಕಲಿಸಿ. ಬ್ರೌಸರಿನ ಪಾಸ್‌ವರ್ಡ್‌ಗಳು ನಿಮ್ಮ ಖಾತೆಗೆ ಸಿಂಕ್ ಆಗಿವೆಯೇ ನೋಡಿ. ಎಂಎಸ್ ಆಫೀಸ್ ಯಾವ ಇಮೇಲ್ ಖಾತೆಗೆ ಸೇರಿದ್ದು ಎಂದು ಬರೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಸೌಲಭ್ಯ) ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ, ಅದನ್ನು ಕಾಗದದ ಮೇಲೆ ಬರೆದಿಡಿ.

ಕನ್ನಡಿಗರಿಗೆ ಇನ್ನೊಂದು ಕೆಲಸವಿದೆ, ಅಂಗಡಿಯವನು ಇದನ್ನು ಖಂಡಿತ ನೆನಪಿಸುವುದಿಲ್ಲ. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಸಂಘಗಳ ಸ್ಮರಣಸಂಚಿಕೆ, ಆಮಂತ್ರಣ, ನಡಾವಳಿಗಳಲ್ಲಿ ಬಹಳಷ್ಟು ಯೂನಿಕೋಡಿಗೆ (ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತ) ಮುಂಚಿನ ನುಡಿ ಅಥವಾ ಬರಹ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ಗೆ ಹೋಗಿ ನುಡಿ ಮತ್ತು ಬರಹ ಫಾಂಟುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ. ಸಾಧ್ಯವಾದರೆ ಮುಖ್ಯ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ಮೂಲವನ್ನೂ ಇಟ್ಟುಕೊಳ್ಳಿ; ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಏರುಪೇರಾಗುವುದುಂಟು.

ಎಸ್‌ಎಸ್‌ಡಿ: ದುಡ್ಡು ಹಾಕುವುದಾದರೆ ಮೊದಲು ಇಲ್ಲಿಗೆ

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಮತ್ತೆ ಹತ್ತು-ಹನ್ನೆರಡು ಮಿಲಿಸೆಕೆಂಡು. ಅಂದರೆ ಸೆಕೆಂಡಿಗೆ ಅರವತ್ತು-ಎಪ್ಪತ್ತು ಬೇರೆ ಬೇರೆ ಜಾಗಗಳನ್ನು ಮುಟ್ಟುವಷ್ಟರಲ್ಲಿ ಅದರ ಶಕ್ತಿ ಮುಗಿಯಿತು. ವಿಂಡೋಸ್ ಏಳುವಾಗ ಕೇಳುವುದೋ ಸಾವಿರಾರು ಸಣ್ಣ ಸಣ್ಣ ಕಡತಗಳನ್ನು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ಜಾಗ ಮುಟ್ಟಲು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು. ನಿಮಿಷಗಟ್ಟಲೆ ಏಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಏಳುವ ಗುಟ್ಟು ಇಷ್ಟೇ. ಹಾಗಾಗಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ‘550 ಎಂಬಿ ಪ್ರತಿ ಸೆಕೆಂಡ್’ ನೋಡಿ ಮರುಳಾಗಬೇಡಿ. ನಮಗೆ ಬೇಕಾದ ಲಾಭ ಅದರಿಂದ ಬರುವುದಲ್ಲ, ಸಾಧಾರಣ ಎಸ್‌ಎಸ್‌ಡಿಯಲ್ಲೂ ಅದು ಸಿಗುತ್ತದೆ.

ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಸಂಖ್ಯೆ ಹುಡುಕಿ. ತಳದ ಚೀಟಿಯಲ್ಲಿ ಇರುತ್ತದೆ. ಅದರ ಸರ್ವಿಸ್ ಮ್ಯಾನ್ಯುಯಲ್ ತಯಾರಕರ ತಾಣದಲ್ಲಿ ಸಿಗುವುದುಂಟು. ಅದರಲ್ಲಿ ನೋಡಬೇಕಾದದ್ದು ಎರಡು. ಒಂದು, ಎರಡೂವರೆ ಇಂಚಿನ ಸಾಟಾ (ಹಳೆಯ ಬಗೆಯ ಜೋಡಣೆಯ) ಡಿಸ್ಕಿನ ಜಾಗ ಇದೆಯೇ. ಇದ್ದರೆ 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಕೂರುತ್ತದೆ, ಹಳೆಯದು 9.5 ಮಿಲಿಮೀಟರ್ ಇದ್ದಲ್ಲಿ ಸಂದಿಗೆ ಒಂದು ತೆಳು ಚೌಕಟ್ಟು ಬೇಕಾಗಬಹುದು. ಎರಡು, ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದೆಯೇ, ಇದ್ದರೆ ಅದು ಸಾಟಾ ಬಗೆಯದೋ ಅದಕ್ಕಿಂತ ವೇಗದ ಎನ್‌ವಿಎಂಇ ಬಗೆಯದೋ. ಹೊರನೋಟಕ್ಕೆ ಎರಡೂ ಚೂಯಿಂಗ್ ಗಮ್ಮಿನ ಪಟ್ಟಿಯಷ್ಟೇ ಇರುತ್ತವೆ. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. 2280 ಎಂದು ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ; ಸ್ಕ್ರೂ ಕೂರುವ ತೂತು ಅಷ್ಟು ದೂರದಲ್ಲಿದೆಯೇ ನೋಡಿ.

ಎಷ್ಟು ಜಿಬಿ? 240ರಲ್ಲಿ ನಡೆಯುತ್ತದೆ, 480-500 ನೆಮ್ಮದಿ. ಬಾಳಿಕೆಯ ಬಗ್ಗೆ ಹೆದರುವವರಿಗೆ ಒಂದು ಲೆಕ್ಕ: 500 ಜಿಬಿಯ ಎಸ್‌ಎಸ್‌ಡಿಗೆ 180 ಟೆರಾಬೈಟ್ ಬರೆಯುವ ಭರವಸೆ ಕೊಟ್ಟಿದ್ದಾರೆ ಎಂದುಕೊಳ್ಳಿ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 24 ವರ್ಷ ಬೇಕು. ಮೂರರಿಂದ ಐದು ವರ್ಷದ ವಾರಂಟಿ ಇರುವ ಹೆಸರುವಾಸಿ ಕಂಪನಿಯದನ್ನೇ ಕೊಳ್ಳಿ. ಹೆಸರೇ ಕೇಳದ ಕಂಪನಿಯ ಅರ್ಧ ಬೆಲೆಯ ಮಾಲು ಬೇಡ. ಬಳಸಿದ ಎಸ್‌ಎಸ್‌ಡಿಯಂತೂ ಬೇಡವೇ ಬೇಡ.

ಲ್ಯಾಮಿಂಗ್ಟನ್ ರೋಡಿಗೆ ಪಶ್ಚಿಮ ರೈಲ್ವೆಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆಯಬೇಕು. ಕಲ್ಯಾಣ-ಡೊಂಬಿವಲಿ ಕಡೆಯವರು ದಾದರಿನಲ್ಲಿ ಗಾಡಿ ಬದಲಿಸಿ ಸ್ಲೋ ಲೋಕಲ್ ಹಿಡಿಯಿರಿ. ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ, ಆದರೆ ಹಳೆಯ ಹೆಸರು ಹೇಳಿದರೇ ಟ್ಯಾಕ್ಸಿಯವನಿಗೆ ಬೇಗ ತಿಳಿಯುತ್ತದೆ. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತದೆ, ರಜೆ ಸಿಕ್ಕಿತೆಂದು ಅಂದೇ ಹೊರಡಬೇಡಿ. ಮೂರು ಅಂಗಡಿಯಲ್ಲಿ ಬೆಲೆ ಕೇಳಿ. ‘ಬಿಲ್ ಬೇಡವಾದರೆ ಇಷ್ಟಕ್ಕೆ ಕೊಡುತ್ತೇನೆ’ ಎನ್ನುವವನಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅದು ಪೆಟ್ಟಿಗೆಯ ಮೇಲಿನದಕ್ಕೂ ಒಳಗಿನ ಮಾಲಿಗೂ ಹೊಂದುತ್ತದೆಯೇ ಅಲ್ಲೇ ನೋಡಿ. ಆ ಸಂಖ್ಯೆಯನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಲು ಮೊಬೈಲ್ ಸಾಕು.

ಇನ್ನು ಜೋಡಿಸುವುದು. ಬೇಕಾದದ್ದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಹಳೆಯ ಎಟಿಎಂ ಕಾರ್ಡ್.

1. ಯಂತ್ರ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಹೊರಬರುವ ಬ್ಯಾಟರಿ ಇದ್ದರೆ ಅದನ್ನೂ ತೆಗೆಯಿರಿ. ಪವರ್ ಗುಂಡಿಯನ್ನು ಹತ್ತಿಪ್ಪತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಹೋಗುತ್ತದೆ.

2. ತಳದ ಸ್ಕ್ರೂಗಳನ್ನು ಬಿಚ್ಚಿ. ಉದ್ದ-ಗಿಡ್ಡ ಬೇರೆ ಬೇರೆ ಇರುತ್ತವೆ. ಕಾಗದದ ಮೇಲೆ ತಳದ ಚಿತ್ರ ಬರೆದು, ಆಯಾ ಜಾಗದಲ್ಲಿ ಆಯಾ ಸ್ಕ್ರೂವನ್ನು ಸೆಲೊ ಟೇಪಿನಿಂದ ಅಂಟಿಸಿ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಕೀಬೋರ್ಡ್ ಕಡೆ ಉಬ್ಬು ಬರುತ್ತದೆ. ರಬ್ಬರ್ ಪಾದದ ಕೆಳಗೆ, ಡಿವಿಡಿ ಡ್ರೈವಿನ ಸಂದಿಯಲ್ಲಿ ಅಡಗಿರುವ ಸ್ಕ್ರೂಗಳನ್ನು ಮರೆಯಬೇಡಿ. ಕವಚ ಬರಲಿಲ್ಲವೆಂದರೆ ಬಲದ ಕೊರತೆಯಲ್ಲ, ಇನ್ನೊಂದು ಸ್ಕ್ರೂ ಬಾಕಿ ಇದೆ.

3. ಎಟಿಎಂ ಕಾರ್ಡಿನಿಂದ ಅಂಚಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿ. ಒಳಗೆ ಕೈ ಹಾಕುವ ಮೊದಲು ಭೂಮಿಗೆ ಸಂಪರ್ಕವಿರುವ ಲೋಹವನ್ನು ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಹೋಗಲಿ. ಒಳಗಿನ ಬ್ಯಾಟರಿಯ ಕನೆಕ್ಟರನ್ನು ಎಲ್ಲಕ್ಕಿಂತ ಮೊದಲು ಬೇರ್ಪಡಿಸಿ. ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರಿನ ತಲೆಯನ್ನೇ ಸರಿಸಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

4. ಹಳೆಯ ಡಿಸ್ಕನ್ನು ಅದರ ಲೋಹದ ಚೌಕಟ್ಟಿನ ಸಮೇತ ಹೊರತೆಗೆದು, ಚೌಕಟ್ಟನ್ನು ಹೊಸ ಎಸ್‌ಎಸ್‌ಡಿಗೆ ಕಟ್ಟಿ, ಅದೇ ಜಾಗಕ್ಕೆ ಸರಿಸಿ ಕೂರಿಸಿ. ಬ್ಯಾಟರಿಯ ಕನೆಕ್ಟರನ್ನು ಮತ್ತೆ ಸಿಕ್ಕಿಸಿ ಕವಚ ಮುಚ್ಚಿ.

ವಿಂಡೋಸನ್ನು ಹೊಸ ಡಿಸ್ಕಿಗೆ ತರಲು ಎರಡು ದಾರಿ. ಹಳೆಯದನ್ನು ಹಾಗೇ ನಕಲಿಸುವುದು ಒಂದು. ಹಲವು ಎಸ್‌ಎಸ್‌ಡಿ ಕಂಪನಿಗಳು ಇದಕ್ಕೆ ಉಚಿತ ತಂತ್ರಾಂಶ ಕೊಡುತ್ತವೆ. ಕ್ಲೋನ್‌ಜಿಲ್ಲಾ ಕೂಡ ಉಚಿತ, ಆದರೆ ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ನಕಲಿಸಲು ಅದು ರಗಳೆ ಮಾಡುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ: ಹೊಸದಾಗಿ ಹಾಕುವುದು. ಆರು ವರ್ಷದ ಕಸವನ್ನು ಹೊಸ ಡಿಸ್ಕಿಗೆ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲಿನಿಂದ 8 ಜಿಬಿಯ ಪೆನ್ ಡ್ರೈವ್ ತಯಾರಿಸಿ. ವೈಫೈ ಡ್ರೈವರನ್ನು ತಯಾರಕರ ತಾಣದಿಂದ ಮೊದಲೇ ಇಳಿಸಿಡಿ, ಇಲ್ಲದಿದ್ದರೆ ನೆಟ್ ಇಲ್ಲದೆ ಡ್ರೈವರಿಲ್ಲ, ಡ್ರೈವರಿಲ್ಲದೆ ನೆಟ್ಟಿಲ್ಲ ಎಂಬ ಪೇಚಿಗೆ ಸಿಕ್ಕುತ್ತೀರಿ. ಪೆನ್ ಡ್ರೈವಿನಿಂದ ಏಳಿಸಲು ಯಂತ್ರ ಆನ್ ಆದ ಕೂಡಲೇ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಲಿ ಸಾಮಾನ್ಯ. ಲೈಸೆನ್ಸಿನ ಚಿಂತೆ ಬೇಡ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಾದರೂ ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಎಸ್‌ಎಸ್‌ಡಿ ಹಾಕಿದ ಮೇಲೆ ಡಿಫ್ರಾಗ್ (ಚದುರಿದ ಕಡತದ ತುಂಡುಗಳನ್ನು ಒಟ್ಟುಗೂಡಿಸುವ) ತಂತ್ರಾಂಶಗಳ ಸಹವಾಸ ಬೇಡ. ಬೇಕಾದ ‘ಟ್ರಿಮ್’ ಕೆಲಸವನ್ನು, ಅಂದರೆ ಅಳಿಸಿದ ಜಾಗವನ್ನು ಮರುಬಳಕೆಗೆ ಸಿದ್ಧಗೊಳಿಸುವುದನ್ನು, ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ರ‍್ಯಾಮ್: ಬೇಕಾದರೆ ಮಾತ್ರ

ಉಡುಪಿ ಹೋಟೆಲಿನ ಅಡುಗೆಮನೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ರ‍್ಯಾಮ್ ಎಂದರೆ ಒಲೆ ಪಕ್ಕದ ಕಟ್ಟೆ, ಡಿಸ್ಕ್ ಎಂದರೆ ಹಿಂದಿನ ಉಗ್ರಾಣ. ಕಟ್ಟೆ ಚಿಕ್ಕದಾದರೆ ಪ್ರತಿ ಆರ್ಡರಿಗೂ ಭಟ್ಟರು ಉಗ್ರಾಣಕ್ಕೆ ಓಡಬೇಕು. ಉಗ್ರಾಣ ಹತ್ತಿರ ಬಂದರೆ, ಅಂದರೆ ಎಸ್‌ಎಸ್‌ಡಿ ಬಂದರೆ, ಓಡಾಟ ಅಷ್ಟು ನೋಯುವುದಿಲ್ಲ. ಅದಕ್ಕೇ ಎಸ್‌ಎಸ್‌ಡಿ ಮೊದಲು, ರ‍್ಯಾಮ್ ಆಮೇಲೆ.

4 ಜಿಬಿ ಇದ್ದರೆ 8ಕ್ಕೆ ಏರಿಸುವುದು ಸಾರ್ಥಕ. 8 ಇದ್ದರೆ, ಮೊದಲು ಬರೆದುಕೊಂಡ ಚೀಟಿಯಲ್ಲಿ ಬಳಕೆ 90 ದಾಟಿದ್ದರೆ ಮಾತ್ರ 16. ಬಗೆ ತಪ್ಪಬಾರದು (ಪ್ರೊಸೆಸರಿನ ಹೆಸರು ಐ5-8250ಯು ಎಂದಿದ್ದರೆ ಆ 8 ಅದರ ಪೀಳಿಗೆ): ಇಂಟೆಲ್ ಎರಡು-ಮೂರನೇ ಪೀಳಿಗೆಯ ಲ್ಯಾಪ್‌ಟಾಪುಗಳಿಗೆ ಡಿಡಿಆರ್3, ನಾಲ್ಕು-ಐದನೆಯವಕ್ಕೆ ಸಾಮಾನ್ಯವಾಗಿ 1.35 ವೋಲ್ಟಿನ ಡಿಡಿಆರ್3ಎಲ್, ಆರನೆಯದರಲ್ಲಿ ಎರಡರಲ್ಲೊಂದು, ಏಳು-ಎಂಟರಿಂದ ಬಹುಮಟ್ಟಿಗೆ ಡಿಡಿಆರ್4. ಡಿಡಿಆರ್3ಕ್ಕೆ 204 ಪಿನ್ನು, ಡಿಡಿಆರ್4ಕ್ಕೆ 260. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದೇ ಇಲ್ಲ. ಹಳೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ತೋರಿಸುವುದು ಎಲ್ಲಕ್ಕಿಂತ ಸುಲಭ. ಎರಡು ಸ್ಲಾಟ್ ಇದ್ದರೆ ಒಂದೇ ಅಳತೆಯ ಎರಡು ಪಟ್ಟಿ ಹಾಕಿ, ಎರಡೂ ಒಟ್ಟಿಗೆ ದುಡಿಯುವ (ಎರಡು ಚಾನೆಲಿನ) ಲಾಭ ಗ್ರಾಫಿಕ್ಸಿಗೂ ಸಿಗುತ್ತದೆ.

2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜೋರಾಗಿ ಏರಿತು. ಹಾಗಾಗಿ ಇಲ್ಲಿ ಮಾತ್ರ ಬಳಸಿದ ಮಾಲಿಗೆ ನನ್ನ ಒಪ್ಪಿಗೆಯಿದೆ. ರ‍್ಯಾಮಿಗೆ ಎಸ್‌ಎಸ್‌ಡಿಯ ಹಾಗೆ ಬರೆದು ಬರೆದು ಸವೆಯುವ ಗುಣವಿಲ್ಲ. ಹದಿನೈದು ದಿನದ ಬದಲಿ ಭರವಸೆ ಪಡೆದು, ಮನೆಗೆ ಬಂದು ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದು ತಪ್ಪು ಕಂಡರೂ ವಾಪಸು.

ಶಾಖ, ಧೂಳು ಮತ್ತು ನಮ್ಮ ಮಳೆಗಾಲ

ಮುಂಬೈಯ ಗಾಳಿಯಲ್ಲಿ ಕಟ್ಟಡ ಕಾಮಗಾರಿಯ ಧೂಳೂ ಉಂಟು, ಕಡಲ ಉಪ್ಪೂ ಉಂಟು, ಜೂನಿನಿಂದ ಸೆಪ್ಟೆಂಬರಿನವರೆಗೆ ತೇವವೂ ಉಂಟು. ಮೂರೂ ಸೇರಿ ಫ್ಯಾನಿನ ಮುಂದಿರುವ ತೆಳು ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂಥ ಪದರ ಕಟ್ಟುತ್ತದೆ. ಫ್ಯಾನು ಕೂಗಿಕೊಳ್ಳುತ್ತದೆ, ಗಾಳಿ ಹೊರಬರುವುದಿಲ್ಲ. ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಪ್ರೊಸೆಸರಿನ ಉಷ್ಣತೆ 95-100 ಡಿಗ್ರಿ ತಲುಪುತ್ತಲೇ ವೇಗ ಧೊಪ್ಪನೆ ಇಳಿಯುತ್ತಿದ್ದರೆ ಕಾರಣ ಇದೇ. ಪ್ರೊಸೆಸರು ತನ್ನನ್ನು ತಾನು ಸುಟ್ಟುಕೊಳ್ಳದಂತೆ ಕೆಲಸ ಕಡಿಮೆ ಮಾಡುತ್ತದೆ.

ಎಸ್‌ಎಸ್‌ಡಿಗಾಗಿ ಹೇಗೂ ಕವಚ ತೆಗೆದಿದ್ದೀರಿ, ಆಗಲೇ ಇದನ್ನೂ ಮುಗಿಸಿ. ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದು, ಮೃದು ಬ್ರಷ್ಷಿನಿಂದ ಮತ್ತು ಡಬ್ಬಿಯ ಗಾಳಿಯಿಂದ ಧೂಳು ಹೊರಹಾಕಿ. ಹಿಡಿಯದೆ ಗಾಳಿ ಬಿಟ್ಟರೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದು ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ. ಧೂಳು ಹೋದ ಮೇಲೂ ಉಷ್ಣತೆ ಇಳಿಯದಿದ್ದರೆ ಪ್ರೊಸೆಸರಿನ ಮೇಲಿನ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದರ ಮೇಲೆ ಕೂರುವ ಹೀಟ್‌ಸಿಂಕಿನ (ಶಾಖ ಹೀರುವ ಲೋಹದ ಭಾಗ) ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಂಕಿಗಳಿರುತ್ತವೆ. ಬಿಗಿಯುವಾಗ ಅದೇ ಕ್ರಮ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೆಸರುಕಾಳಿನಷ್ಟು ಹೊಸದನ್ನು ಹಾಕಿ. ಅಕ್ಕಪಕ್ಕದ ಮೆತ್ತನೆಯ ಥರ್ಮಲ್ ಪ್ಯಾಡುಗಳನ್ನು ಕಿತ್ತು ಆ ಜಾಗಕ್ಕೂ ಪೇಸ್ಟ್ ಬಳಿಯಬೇಡಿ, ಅಲ್ಲಿನ ಸಂದಿ ಪೇಸ್ಟಿಗೆ ತುಂಬುವಂಥದ್ದಲ್ಲ. ಕೈ ನಡುಗುವುದಾದರೆ ಈ ಒಂದು ಕೆಲಸವನ್ನು ಅಂಗಡಿಗೆ ಕೊಡಿ, ಎದುರಿಗೇ ಕೂತು ಮಾಡಿಸಿಕೊಳ್ಳಿ.

ಮಳೆಗಾಲದಲ್ಲಿ ಬಳಸದ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಬೇಡಿ, ಒಳಗೆ ತೇವ ನಿಂತು ಕನೆಕ್ಟರುಗಳು ಹಸಿರುಗಟ್ಟುತ್ತವೆ. ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿಟ್ಟರೆ ತನ್ನ ಬಿಸಿಯಲ್ಲಿ ತಾನೇ ಒಣಗುತ್ತದೆ.

ವಿಂಡೋಸ್ 10ರ ಪ್ರಶ್ನೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳ ಯೋಜನೆಯೊಂದಿದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸಿಕೊಂಡರೆ 13 ಅಕ್ಟೋಬರ್ 2026ರವರೆಗೆ ಎಂದು ಘೋಷಿಸಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡುವವರಿಗೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಯಂತ್ರ ಏಳುವಾಗಿನ ಭದ್ರತಾ ತಪಾಸಣೆ), ಮತ್ತು ಸ್ಥೂಲವಾಗಿ ಇಂಟೆಲಿನ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಿಮ್ಮದು ಐ5-8250ಯು ಎಂದಿದ್ದರೆ ಆ 8 ಪೀಳಿಗೆಯ ಗುರುತು. ಈ ಶರತ್ತುಗಳನ್ನು ಕಳ್ಳದಾರಿಯಿಂದ ದಾಟಿಸಿ 11 ಹಾಕಿಕೊಡುವ ಅಂಗಡಿಗಳಿವೆ. ನಡೆಯುತ್ತದೆ, ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ನಾನು ಅದನ್ನು ಹೇಳಲಾರೆ.

ಹಾಗಾದರೆ ಆರು-ಏಳನೇ ಪೀಳಿಗೆಯ ಗಟ್ಟಿಮುಟ್ಟಾದ ಯಂತ್ರಗಳಿಗೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಒಳ್ಳೆಯ ದಾರಿ, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿ ರ‍್ಯಾಮಿನಲ್ಲೂ ಹಗುರವಾಗಿ ಓಡುತ್ತದೆ. ಪೆನ್ ಡ್ರೈವಿನಿಂದಲೇ ಚಲಾಯಿಸಿ ನೋಡಿ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ನಡೆಯುತ್ತವೆಯೇ ಪರೀಕ್ಷಿಸಿದ ಮೇಲೆ ಡಿಸ್ಕಿಗೆ ಹಾಕಿ. ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ಇದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ನಕಲಿಸಿಟ್ಟ ನುಡಿ ಫಾಂಟುಗಳನ್ನು ಹಾಕಿದರೆ ಹಳೆಯ ಕಡತಗಳೂ ಲಿಬ್ರೆ ಆಫೀಸಿನಲ್ಲಿ ಓದಲು ಬರುತ್ತವೆ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಳಸುವವರು, ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ ಸರ್ಕಾರಿ ತಾಣಗಳಲ್ಲಿ ಕೆಲಸ ಮಾಡುವವರು ಮಾತ್ರ ವಿಂಡೋಸಿನಲ್ಲೇ ಉಳಿಯುವುದು ಲೇಸು.

ಎಲ್ಲಿ ಕೈಬಿಡಬೇಕು

ಸೆಲೆರಾನ್ ಪ್ರೊಸೆಸರು, ಬೋರ್ಡಿಗೇ ಬೆಸೆದ 2 ಅಥವಾ 4 ಜಿಬಿ ರ‍್ಯಾಮ್, 32 ಅಥವಾ 64 ಜಿಬಿಯ ಇಎಂಎಂಸಿ ಸಂಗ್ರಹ ಇರುವ ತೆಳು ಲ್ಯಾಪ್‌ಟಾಪುಗಳಿಗೆ ಖರ್ಚು ಮಾಡಬೇಡಿ. ಬದಲಿಸಲು ಅಲ್ಲಿ ಏನೂ ಇಲ್ಲ, ಲಿನಕ್ಸ್ ಹಾಕಿ ಆದಷ್ಟು ದಿನ ಬಳಸಿ. ಮದರ್‌ಬೋರ್ಡ್ ರಿಪೇರಿ, ಮುರಿದ ಹಿಂಜು, ಸತ್ತ ಬ್ಯಾಟರಿ ಮೂರೂ ಒಟ್ಟಿಗೆ ಬಂದರೂ ನಿಲ್ಲಿಸಿ. ನನ್ನ ಅಳತೆಗೋಲು ಸರಳ: ಒಟ್ಟು ಖರ್ಚು ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಯಂತ್ರದ ಬೆಲೆಯ ಅರ್ಧ ದಾಟಬಾರದು. ದಾಟುವುದಾದರೆ ಕಚೇರಿಗಳಿಂದ ಹೊರಬಂದ, ಎಂಟನೇ ಪೀಳಿಗೆಯ ಮೇಲಿನ ಲ್ಯಾಪ್‌ಟಾಪನ್ನು ವಾರಂಟಿ ಸಹಿತ ಕೊಳ್ಳುವುದು ಜಾಣತನ.

ಬ್ಯಾಟರಿ ಸತ್ತಿದೆಯೋ ಇಲ್ಲವೋ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಖಾಲಿ ಜಾಗ, ಮುಂದಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಸಿ ‘ಬ್ಯಾಟರಿರಿಪೋರ್ಟ್’ ಎಂದು ಟೈಪ್ ಮಾಡಿ. ಸಿಗುವ ವರದಿಯಲ್ಲಿ ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ ಹೋಲಿಸಿ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೂ ಲ್ಯಾಪ್‌ಟಾಪ್ ಸದಾ ಮೇಜಿನ ಮೇಲೇ ಇರುವುದಾದರೆ, ಊದದಿದ್ದರೆ, ಬದಲಿಸುವ ಆತುರವಿಲ್ಲ.

ಹೊರಗೆ ಬಂದ ಹಳೆಯ ಡಿಸ್ಕ್

ಆರೋಗ್ಯ ‘ಗುಡ್’ ಇದ್ದರೆ ಅದಕ್ಕೊಂದು ಎರಡೂವರೆ ಇಂಚಿನ ಯುಎಸ್‌ಬಿ ಪೆಟ್ಟಿಗೆ ಕೊಂಡು ಹೊರಗಿನ ಡಿಸ್ಕಾಗಿ ಮಾಡಿಕೊಳ್ಳಿ. ಮೊದಲ ಒಂದು ತಿಂಗಳು ಅದರಲ್ಲಿ ಏನನ್ನೂ ಅಳಿಸಬೇಡಿ, ನಕಲಿಸಲು ಮರೆತ ಒಂದಾದರೂ ಕಡತ ಆ ತಿಂಗಳಲ್ಲಿ ನೆನಪಾಗುತ್ತದೆ. ಅಂಗಡಿಯಲ್ಲಿ ಬದಲಿಸಿದರೂ ಹಳೆಯ ಡಿಸ್ಕನ್ನು ಅಲ್ಲಿ ಬಿಟ್ಟು ಬರಬೇಡಿ. ಕೊಡುವುದೇ ಆದರೆ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಕ್ವಿಕ್ ಮಾಡಿದರೆ ಹೆಸರುಪಟ್ಟಿ ಮಾತ್ರ ಹೋಗುತ್ತದೆ, ಪೂರ್ತಿ ಮಾಡಿದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ; 1 ಟಿಬಿಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಾಕಿಟ್ಟು ಮಲಗಿ. ‘ಕಾಷನ್’ ತೋರಿಸಿದ ಡಿಸ್ಕನ್ನಾಗಲಿ ಊದಿದ ಬ್ಯಾಟರಿಯನ್ನಾಗಲಿ ಭಂಗಾರ್‌ವಾಲಾನ (ಗುಜರಿಯವನ) ತಕ್ಕಡಿಗೆ ಹಾಕಬೇಡಿ, ಸೊಸೈಟಿಯ ಒಣಕಸದ ಡಬ್ಬಿಗೂ ಬೇಡ. 2022ರ ಇ-ತ್ಯಾಜ್ಯ ನಿಯಮಗಳು 1 ಏಪ್ರಿಲ್ 2023ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೆ ಅಥವಾ ತಯಾರಕರ ಸಂಗ್ರಹ ಕೇಂದ್ರಕ್ಕೆ ಕೊಡಿ. ಊದಿದ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಕೊಡುವವರೆಗೆ ಬಟ್ಟೆ-ಕಾಗದಗಳಿಂದ ದೂರ, ಬಿಸಿಲು ಬೀಳದ ಕಡೆ ಬೇರೆಯಾಗಿ ಇಟ್ಟಿರಿ.